ಫ್ರಿಜ್ಜಿನೊಳಗಿನ ಕೀಲಿಕೈ

ಹೆಂಡತಿ ನೋಲಾ ತೀರಿಕೊಂಡ ಮೇಲೆ ಎರಡು ವರ್ಷ ನಾನು ಒಂದು ಹಾಡನ್ನೂ ಕಟ್ಟಲಿಲ್ಲ. ಬ್ಯಾಂಡಿನ ಅಬ್ಬರದ ಸ್ಪೀಕರುಗಳನ್ನೆಲ್ಲ ಮಾರಿ, ಕಡೆಗೊಂದು ಮಧ್ಯಾಹ್ನ ಅವಳ ಹಳೆಯ ಮರದ ಗಿಟಾರು ಹಿಡಿದು ಅಡುಗೆಮನೆಯಲ್ಲಿ ಕೂತೆ. ನಮ್ಮ ಮ್ಯಾಲಿ ಗೋಧಿಸೀಮೆಯಲ್ಲಿ ಜನವರಿಯೆಂದರೆ ನಡುಬೇಸಿಗೆ. ತಗಡಿನ ಸೂರು ಕಾದು ಚಟಚಟಗುಡುತ್ತಿತ್ತು. ಹೊಸ ಹಾಡನ್ನು ರೆಕಾರ್ಡ್ ಮಾಡುವಾಗ ಮೈಕಿಗೆ ಗುಂಯ್ ಸದ್ದು ಬೀಳದಿರಲೆಂದು ಫ್ರಿಜ್ ಆರಿಸಿದೆ. ಮತ್ತೆ ಹಾಕಲು ಮರೆಯದಿರಲೆಂದು, ಅವಳು ಕಲಿಸಿದಂತೆ, ಕಾರಿನ ಕೀಲಿಕೈಯನ್ನು ಅದರೊಳಗೆ ಬೆಣ್ಣೆಯ ಪಕ್ಕ ಇಟ್ಟೆ; ಹೊರಗೆ ಹೊರಟರೆ ಅದಕ್ಕಾಗಿ ಫ್ರಿಜ್ ತೆರೆಯಲೇಬೇಕಲ್ಲ.

ಎರಡನೇ ಚರಣದಲ್ಲಿ ಎಂದಿನಂತೆ ತಾಳ ಮೀರಿ ಓಡತೊಡಗಿದೆ. ಯಾಕೋ ಕೈ ತಾನಾಗಿ ನಿಧಾನವಾಯಿತು. ಹಾಡು ಕೊನೆಮುಟ್ಟಿತು.

ಅಷ್ಟರಲ್ಲಿ ಪಕ್ಕದ ಹೊಲದ ಮರ್ವ್ ಬಂದ. ರೆಕಾರ್ಡ್ ಆದದ್ದನ್ನು ಅವನಿಗೆ ಕೇಳಿಸಿದೆ.

"ಚೆನ್ನಾಗೈತೆ ಕಣೋ ಡೆಸ್. ಈ ಸಲ ಬೆದರಿದ ಕುರಿ ಹಂಗೆ ಓಡಿಲ್ಲ. ಮೇಜು ಕುಟ್ಟಿದ್ದು ಯಾರು?"

"ಯಾರೂ ಇರ್ಲಿಲ್ಲ ಮಾರಾಯ."

"ಸುಮ್ನಿರೋ. ಇಲ್ಲಿ ಕೇಳು."

ಎರಡನೇ ಚರಣದಿಂದ ಮೇಜಿನ ಮೇಲೆ ಬೆರಳ ಗೆಣ್ಣು ಕುಟ್ಟುವ ಸದ್ದು, ನಿಧಾನ, ನಿಧಾನ ಎನ್ನುವಂತೆ. ನೋಲಾ ಹೀಗೆಯೇ ನನ್ನನ್ನು ತಡೆಯುತ್ತಿದ್ದಳು. ಮರ್ವ್ ಟೋಪಿ ತೆಗೆದ.

"ಉಪಕಾರ ಆಯ್ತು ಕಣೇ," ಎಂದೆ, ಖಾಲಿ ಕುರ್ಚಿಗೆ.

ಆಮೇಲೆ ಫ್ರಿಜ್ ತೆರೆದೆ. ಬೆಣ್ಣೆ ಇನ್ನೂ ಕಲ್ಲಿನಂತೆ ತಣ್ಣಗಿತ್ತು. ಕೀಲಿಕೈ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಮುಷ್ಟಿ ಬಿಚ್ಚಿ ಇಟ್ಟ ಹಾಗೆ.