ಬಾತ ಕೆನ್ನೆಗೆ ಬಹುಮಾನ

"ಫ್ರಿಜ್ ಮುಟ್ಟಿದ್ಯೋ, ಹುಷಾರ್!"

ಅಜ್ಜಿ ಎನೇಯ್ದಾ ಫ್ರಿಜ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಎದುರಿಗೆ ಮೊಮ್ಮಗಳು ಯಾರಿಸೆಲ್, ಬಲಗೆನ್ನೆ ಹಿಡಿದುಕೊಂಡು. ಹಲ್ಲಿನ ಡಾಕ್ಟರು ಆಗಷ್ಟೇ ಅವಳ ಹುಳುಕು ದವಡೆ ಹಲ್ಲನ್ನು ಕಿತ್ತು ಕಳಿಸಿದ್ದರು.

"ಡಾಕ್ಟರೇ ಐಸ್ ಇಡು ಅಂದಿದಾರೆ ಅಜ್ಜಿ. ಇವತ್ತೇ ಇಡ್ಬೇಕಂತೆ."

"ಆ ಡಾಕ್ಟರಮ್ಮಂಗೇನು ಗೊತ್ತು? ಬಿಸಿಲಲ್ಲಿ ನಡ್ಕೊಂಡು ಬಂದಿದೀಯ, ಮೈ ಕಾದಿದೆ. ಈಗ ತಣ್ಣಗಿಂದು ತಾಕಿದ್ರೆ ಪಾಸ್ಮೋ ಹೊಡಿಯುತ್ತೆ. ಬಾಯಿ ಹೋಗಿ ಕಿವಿ ಪಕ್ಕ ಕೂರುತ್ತೆ. ನಿನ್ನ ಚಿಕ್ಕಜ್ಜಂಗೆ ಹಾಗೇ ಆಗಿದ್ದು."

"ಚಿಕ್ಕಜ್ಜನ ಬಾಯಿ ನೆಟ್ಟಗೇ ಇದೆಯಲ್ಲ?"

"ನಾನು ಕೋಳಿ ಕೊಬ್ಬು ತಿಕ್ಕಿದ್ದಕ್ಕೆ!"

ಆ ಊರಿನಲ್ಲಿ ಪಾಸ್ಮೋ ಎಂಬ ಈ ಶೀತದ ಹೊಡೆತಕ್ಕೆ ಹೆದರದವರಿಲ್ಲ. ಇಸ್ತ್ರಿ ಮಾಡಿ ಫ್ರಿಜ್ ತೆರೆದರೂ ಪಾಸ್ಮೋ, ಒಲೆ ಮುಂದಿನಿಂದ ಎದ್ದು ಮಳೆಗೆ ಹೋದರೂ ಪಾಸ್ಮೋ. ಅಜ್ಜಿ ಐಸ್ ಜೊತೆಗೆ ಹಂದಿಮಾಂಸ, ಹುರುಳಿ, ಮೊಟ್ಟೆಗಳನ್ನೂ ನಿಷೇಧಿಸಿದಳು. ಕೆನ್ನೆಗೆ ಕೋಳಿ ಕೊಬ್ಬು ಸವರಿ, ಬಿಸಿ ಬಟ್ಟೆ ಕಟ್ಟಿದಳು.

ಎರಡು ದಿನದ ಮೇಲೆ ನವೆಂಬರ್ ಮೂರು, ಪನಾಮಾದ ರಾಷ್ಟ್ರೀಯ ಹಬ್ಬ, ಊರಲ್ಲಿ ಬ್ಯಾಂಡ್ ಮೆರವಣಿಗೆ. ಆ ಬೆಳಿಗ್ಗೆ ಯಾರಿಸೆಲ್ ಕನ್ನಡಿ ನೋಡಿದಳು. ಒಂದು ಕೆನ್ನೆ ಅವಳದೇ. ಇನ್ನೊಂದು ಯಾರದೋ ದಪ್ಪ ಮನುಷ್ಯನದು.

ಅವಳಿಗೆ ಅಳು ಬಂತು. ಸ್ಕೂಲ್ ಬ್ಯಾಂಡ್‌ನಲ್ಲಿ ಅವಳದು ಟ್ರಂಪೆಟ್. ಮೇಯರ್ ಕೂರುವ ವೇದಿಕೆಯ ಮುಂದೆ ಎಲ್ಲರೂ ನಿಂತಾಗ ಹಾಡಿನ ಮೊದಲ ಎರಡು ಸಾಲನ್ನು ಅವಳೊಬ್ಬಳೇ ನುಡಿಸಬೇಕಿತ್ತು. ಜೂನ್‌ನಿಂದ ಅದನ್ನೇ ಅಭ್ಯಾಸ ಮಾಡಿದ್ದಳು. ಪಕ್ಕದ ಮನೆಯ ನಾಯಿಗೂ ಅದು ಬಾಯಿಪಾಠವಾಗಿತ್ತು.

"ಊದಬಾರದಂತೆ ಸರ್," ಎಂದಳು ಬ್ಯಾಂಡ್ ಮೇಷ್ಟ್ರು ಎವೆಲಿಯೊಗೆ. "ಗಾಯದ ಮೇಲೆ ಹೆಪ್ಪುಗಟ್ಟಿರೋ ರಕ್ತ ಕಿತ್ತು ಬರುತ್ತಂತೆ."

"ಊದು ಅಂತ ಯಾರಂದ್ರು? ತುಟಿ ಹತ್ರ ಹಿಡ್ಕೊ, ಬೆರಳು ಆಡ್ಸು. ನೀನು ಬರದಿದ್ರೆ ಬ್ಯಾಂಡು ಹಲ್ಲು ಕಿತ್ತ ಬಾಯಿ ಥರ ಕಾಣುತ್ತೆ."

"ಮತ್ತೆ ನಾನು ನುಡಿಸ್ಬೇಕಿದ್ದ ಎರಡು ಸಾಲು?"

ಮೇಷ್ಟ್ರು ಅವಳ ಪಕ್ಕದಲ್ಲಿ ನಿಂತು ಟ್ರಂಪೆಟ್ ಊದುವ ಒಲ್ಮೆದೊ ಕಡೆ ನೋಡಿದರು. ಒಲ್ಮೆದೊ ಕಡ್ಡಿಯಂಥ ಹುಡುಗ. ಟ್ರಂಪೆಟ್ ಎಷ್ಟು ಊದಿದರೂ ಅವನ ಕೆನ್ನೆ ಒಳಗೇ ಇರುತ್ತಿತ್ತು.

"ನುಡಿಸ್ತೀನಿ," ಎಂದ ಅವನು. "ಇವಳ ಸಾಲು ಕೇಳಿ ಕೇಳಿ ತಲೆ ಕೆಟ್ಟಿದೆ."

ಮುಖ್ಯ ಬೀದಿ ಜನರಿಂದ ತುಂಬಿತ್ತು. ವೇದಿಕೆಯ ಮುಂದೆ ಬ್ಯಾಂಡ್ ನಿಂತಿತು. ಒಲ್ಮೆದೊ ಆ ಎರಡು ಸಾಲು ನುಡಿಸಿದ. ಎಲ್ಲೂ ತಪ್ಪಲಿಲ್ಲ. ಯಾರಿಸೆಲ್ ಬಾಯಿಗೆ ತಾಗದ ಟ್ರಂಪೆಟ್ ಹಿಡಿದು ಬೆರಳು ಆಡಿಸಿದಳು. ಕೆನ್ನೆ ನೋವಿನಿಂದ ಸಿಡಿಯುತ್ತಿತ್ತು.

ಮೇಯರ್ ಮೈಕ್ ಹಿಡಿದರು.

"ನೋಡಿ ಬಂಧುಗಳೇ, ಆ ಹುಡುಗಿನ ನೋಡಿ! ಆ ಕೆನ್ನೆ ನೋಡಿ! ದೇಶಕ್ಕಾಗಿ ಊದೋದು ಅಂದ್ರೆ ಅದು! ಪಕ್ಕದಲ್ಲಿರೋ ಹುಡುಗ, ನೀನೂ ಅವಳನ್ನ ನೋಡಿ ಕಲಿ!"

ಜನ ಚಪ್ಪಾಳೆ ತಟ್ಟಿದರು. ಮೇಯರ್ ಕೆಳಗಿಳಿದು ಬಂದು ಯಾರಿಸೆಲ್ ಅಂಗಿಗೆ ರಿಬ್ಬನ್ ಚುಚ್ಚಿದರು.

"ಸರ್, ನಾನು..." ಎಂದಳು ಅವಳು. ಬಾಯಿ ಅರ್ಧ ಮಾತ್ರ ತೆರೆಯಿತು.

"ಮಾತೇ ಹೊರಡ್ತಿಲ್ಲ ಪಾಪ, ಅಷ್ಟು ದೇಶಭಕ್ತಿ!" ಎಂದರು ಮೇಯರ್. ಎವೆಲಿಯೊ ಮೇಷ್ಟ್ರು ತಮ್ಮ ಬೂಟುಗಳನ್ನು ಬಹಳ ಹೊತ್ತು ನೋಡಿಕೊಂಡರು.

ಮೆರವಣಿಗೆ ಮುಗಿದ ಮೇಲೆ ಯಾರಿಸೆಲ್ ರಿಬ್ಬನ್ ಬಿಚ್ಚಿ ಒಲ್ಮೆದೊ ಮುಂದೆ ಹಿಡಿದಳು. "ತಗೋ. ನುಡಿಸಿದ್ದು ನೀನು."

ಅವನ ತುಟಿ ಒಡೆದು ಕೆಂಪಾಗಿತ್ತು. "ಬೇಡಮ್ಮ. ಅದು ನಿಮ್ಮಜ್ಜಿಗೆ ಸೇರಬೇಕು."

ಅಜ್ಜಿಯೂ ಹಾಗೇ ಅಂದುಕೊಂಡಳು. ರಿಬ್ಬನ್ ಫ್ರಿಜ್ ಬಾಗಿಲಿಗೆ ಅಂಟಿತು. ಬಂದವರಿಗೆಲ್ಲ ಅದನ್ನು ತೋರಿಸಿ, "ಐಸ್ ಇಟ್ಟಿದ್ರೆ ಇದು ಸಿಗ್ತಿತ್ತಾ?" ಎಂದು ಕೇಳುತ್ತಿದ್ದಳು.

ಬಾವು ಒಂದು ವಾರದೊಳಗೆ ತಾನಾಗಿ ಇಳಿಯಿತು. ಗಾಯ ಮಾಯ್ದ ಮೇಲೆ ಡಾಕ್ಟರು ಊದಲು ಬಿಟ್ಟರು. ತಿಂಗಳ ಕೊನೆಗೆ ಇನ್ನೊಂದು ಮೆರವಣಿಗೆ, ಅದೇ ಬೀದಿ, ಅದೇ ವೇದಿಕೆ. ಈ ಸಲ ಆ ಎರಡು ಸಾಲನ್ನು ಯಾರಿಸೆಲ್ ಮತ್ತು ಒಲ್ಮೆದೊ ಸೇರಿ ನುಡಿಸುವುದೆಂದು ಇಬ್ಬರೂ ಹಟ ಹಿಡಿದರು. ಮೇಷ್ಟ್ರು ತಕ್ಷಣ ಒಪ್ಪಿದರು.

ಯಾರಿಸೆಲ್ ನುಡಿಸಿದಳು. ಸ್ವರಗಳು ಬೀದಿಯ ಕೊನೆಯವರೆಗೂ ಹೋದವು. ಮೇಯರ್ ಕಣ್ಣು ಮಾತ್ರ ಸಾಲಿನುದ್ದಕ್ಕೂ ಹುಡುಕುತ್ತಿತ್ತು. ಅವಳ ಮುಖದ ಮೇಲೆ ಬಂದು, ನಿಲ್ಲದೆ, ಮುಂದಕ್ಕೆ ಹೋಯಿತು. ಕೊನೆಗೆ ಹಿಂದಿನ ಸಾಲಿನ ತಾಳ ಬಡಿಯುವ ಗುಂಡು ಮುಖದ ಹುಡುಗನ ಮೇಲೆ ನಿಂತಿತು.

"ನೋಡಿ ಬಂಧುಗಳೇ, ಆ ಕೆನ್ನೆ!"

ಯಾರಿಸೆಲ್‌ಗೆ ಟ್ರಂಪೆಟ್ ಒಳಗೇ ನಗು ಬಂತು. ಒಂದು ಸ್ವರ ಒಡೆಯಿತು. ಅದು ಕೇಳಿಸಿದ್ದು ಒಲ್ಮೆದೊಗೆ ಮಾತ್ರ. ಅವನು ಅವಳತ್ತ ನೋಡದೆಯೇ ಆ ಸ್ವರವನ್ನು ಎತ್ತಿಕೊಂಡ. ಅವಳು ಉಸಿರು ತೆಗೆದುಕೊಂಡು ಮುಂದಿನದನ್ನು ಹಿಡಿದಳು.