ಅವಳು ಬೇಡ ಅಂದಾಗ

"ಆ ಕಂಪನಿಯವರು ನಮ್ಮ ಯೋಜನೆ ಬೇಡ ಅಂದ್ರು. ನಾನು ಥ್ಯಾಂಕ್ಸ್ ಹೇಳಿ ಎದ್ದು ಬಂದೆ," ಅಂದ ಓಸ್ಮೊ.

ಸೊಲೇನ್ ಹಣೆ ಚಚ್ಚಿಕೊಂಡಳು. ಫ್ರಾನ್ಸಿನ ಲಿಯೋನ್ ನಗರದ ಕಂಪನಿಗಳಿಗೆ ಬರುವ ಪರದೇಶದವರಿಗೆ ಫ್ರೆಂಚರ ಜೊತೆ ವ್ಯವಹರಿಸುವ ರೀತಿನೀತಿ ಕಲಿಸುವುದು ಅವಳ ಕೆಲಸ. ಫಿನ್ಲೆಂಡಿನ ಈ ಎಂಜಿನಿಯರಿನಂಥ ಮುಗ್ಧ ಶಿಷ್ಯ ಇನ್ನೊಬ್ಬ ಸಿಕ್ಕಿರಲಿಲ್ಲ.

"ಅಯ್ಯೋ ಪುಣ್ಯಾತ್ಮ! ನಮ್ಮವರು ಮೊದಲು ಬೇಡ ಅಂದ್ರೆ ಮಾತು ಈಗ ಶುರುವಾಯ್ತು ಅಂತ. ಯಾಕೆ ಅಂತ ಕೇಳಬೇಕು, ವಾದ ಮಾಡಬೇಕು. ಇಷ್ಟವಿಲ್ಲದವರ ಹತ್ತಿರ ನಾವು ವಾದಕ್ಕೇ ಇಳಿಯಲ್ಲ."

"ಹಾಗಾದ್ರೆ ನೀವು ದಿನಾ ನನ್ನ ಹತ್ರ ಜಗಳ ಆಡೋದು?" ಅವನು ಕಣ್ಣಂಚಿನಲ್ಲೇ ನಕ್ಕ.

"ಅದು ಪಾಠ," ಅಂದಳು. ಕಿವಿ ಮಾತ್ರ ಕೆಂಪಾಗಿತ್ತು.

ಪಾಠ ಮುಗಿದರೂ ಮಧ್ಯಾಹ್ನದ ಊಟಗಳು ಮುಗಿಯಲಿಲ್ಲ. ಅವನು ಚೀಸನ್ನು ಅಡ್ಡಾದಿಡ್ಡಿ ಕತ್ತರಿಸುವುದು, ಅವಳು ಕೈ ಹಿಡಿದು ತಿದ್ದುವುದು. ಹಿಡಿದ ಕೈ ಬಿಡಲು ಇಬ್ಬರಿಗೂ ಅವಸರವಿರಲಿಲ್ಲ. ಗಂಡನಿಂದ ದೂರವಾದವಳು ಸೊಲೇನ್. ಪುಟ್ಟ ಮಗಳು ಒಂದು ವಾರ ಇವಳ ಮನೆ, ಒಂದು ವಾರ ಅಪ್ಪನ ಮನೆ. ಹಾಗಾಗಿ ಲಿಯೋನ್ ಬಿಟ್ಟು ಕದಲುವಂತಿರಲಿಲ್ಲ. ಓಸ್ಮೊಗೆ ಅದು ಗೊತ್ತಿತ್ತು.

ಒಂದು ದಿನ, ಕಾಫಿ ಬರುವ ಮುಂಚೆಯೇ ಹೇಳಿಬಿಟ್ಟ. "ನನ್ನನ್ನ ಫಿನ್ಲೆಂಡಿಗೆ ವಾಪಸ್ ಕರೀತಿದ್ದಾರೆ. ನಾಳೆ ಉತ್ತರ ಕೊಡಬೇಕು. ನೀವು ಇರು ಅಂದ್ರೆ ಇಲ್ಲೇ ಇರ್ತೀನಿ. ಇರಲಾ?"

ಸೊಲೇನ್‌ಗೆ ಬೇಕಿದ್ದದ್ದೂ ಅದೇ. ಆದರೇನು, ಹುಟ್ಟುಗುಣ! ಕೇಳಿದ ತಕ್ಷಣ ಹೂಂ ಅನ್ನಲು ನಾಲಿಗೆ ಏಳಲಿಲ್ಲ. ಇನ್ನೊಮ್ಮೆ ಕೇಳಲಿ, ಸ್ವಲ್ಪ ಜಗಳವಾಡಲಿ ಅಂತ ಆಸೆ.

"ಬೇಡಪ್ಪ. ನನಗೋಸ್ಕರ ಯಾಕೆ ಇರ್ತೀರಿ?" ಅಂದು, ಬ್ರೆಡ್ ಮುರಿಯುತ್ತಾ ಕಾದಳು.

ಓಸ್ಮೊ ತಲೆಯಾಡಿಸಿದ. ಕಾಫಿ ಕುಡಿದ. ಕೈಕುಲುಕಿ ಹೋದ.

ಆಮೇಲೆ ಅವಳು ಫೋನ್ ನೋಡಿದ್ದೇ ನೋಡಿದ್ದು. ಕೊನೆಗೆ ಬಂದದ್ದು ಅವನ ಆಫೀಸಿನ ಬೀಳ್ಕೊಡುಗೆಯ ಆಹ್ವಾನ.

ವೈನ್ ಹಿಡಿದು ನಿಂತವರ ನಡುವಿನಿಂದ ಅವನನ್ನು ಕಿಟಕಿಯ ಬಳಿಗೆ ಎಳೆದೊಯ್ದಳು. "ಮತ್ತೊಂದು ಸಲ ಯಾಕೆ ಕೇಳಲಿಲ್ಲ? ನಾನೇ ಕಲಿಸಿದ್ದೆನಲ್ಲ!"

"ಅದು ವ್ಯವಹಾರಕ್ಕೆ ಅಲ್ವಾ, ಟೀಚರಮ್ಮ?" ಅಂದ ಓಸ್ಮೊ. "ಹೆಣ್ಣು ಬೇಡ ಅಂದಮೇಲೆ ಮತ್ತೆ ಕೇಳಿದ್ರೆ ನಮ್ಮ ಕಡೆ ಅವಳಿಗೆ ಅವಮಾನ."

"ನನಗೆ ನೀವು ಬೇಕು. ಹೋಗಬೇಡಿ."

"ವಾಪಸ್ ಹೋಗ್ತೀನಿ ಅಂತ ಸಹಿ ಹಾಕಿಬಿಟ್ಟೆ, ಸೊಲೇನ್. ನನ್ನ ಜಾಗಕ್ಕೆ ಬಂದವನು ಅಗೋ ಅಲ್ಲಿ, ಹೆಂಡತಿ ಮಕ್ಕಳ ಸಮೇತ ಬಂದಿದ್ದಾನೆ. ನೀವೇ ನನ್ನ ಜೊತೆ ಬನ್ನಿ."

"ಮಗಳನ್ನ ಬಿಟ್ಟು? ಆಗಲ್ಲ."

"ಬನ್ನಿ," ಅಂದ ಮತ್ತೆ. ಜನ್ಮದಲ್ಲಿ ಯಾರನ್ನೂ ಹಾಗೆ ಕೇಳಿದವನಲ್ಲ. ವಾದ ಮಾಡಿದ, ಬೇಡಿಕೊಂಡ, ಮತ್ತೂ ಕೇಳಿದ.

ಸೊಲೇನ್ ಅಳುತ್ತಾ ಪ್ರತಿ ಸಲವೂ ಆಗಲ್ಲ ಅಂದಳು. ಈ ಸಲ ಅದು ನಿಜವಾಗಿತ್ತು.