ಮಡಿಕೆಯೊಳಗಿನ ಪೌಡರ್

"ಕಾಗದ ತಂದ್ರಾ?"

ಒನೊರೀನ್ ಕೇಳಿದ್ದೇ ತಡ, ಷೆವಾಲಿಯೇ ಬಿರುದಿನ ಫ್ಲೋರಿಮೋಂ ನಗುತ್ತಾ ಕಾಗದದ ಕಟ್ಟನ್ನು ಅವಳ ಮಡಿಲಿಗಿಟ್ಟ. ಎಲ್ಲವೂ ಅವಳೇ ಅವನಿಗೆ ಬರೆದವು. ಪ್ರೇಮ ಮುರಿದಾಗ ಕಾಗದಗಳನ್ನು ಹಿಂತಿರುಗಿಸುವುದು ಪ್ಯಾರಿಸ್‌ನ ದೊಡ್ಡ ಮನೆಗಳ ಪದ್ಧತಿ. ಮುರಿಯದೆಯೇ ಕೇಳಿದವಳು ಈ ವಿಧವೆಯೊಬ್ಬಳೇ.

"ಹೆದರ್ಬೇಡಿ ಷೆವಾಲಿಯೇ. ಮದುವೆಗೆ ಹೂಂ ಅನ್ನೋಕ್ ಮುಂಚೆ ಒಂದ್ಸಲ ಓದ್ಕೋತೀನಿ. ಏನೇನು ಬಾಯ್ಬಿಟ್ಟಿದೀನೋ ಏನೋ."

ಓರೆಗಣ್ಣಿನಲ್ಲಿ ಅವನನ್ನು ನೋಡುತ್ತಲೇ ಒಂದು ಕಾಗದ ಬಿಡಿಸಿದಳು. ಅದರ ಮಡಿಕೆಯಿಂದ ಬಿಳಿ ಪುಡಿ ಅವಳ ಕಪ್ಪು ಲಂಗದ ಮೇಲೆ ಉದುರಿತು.

ಬೆರಳಿಗೆ ಹಚ್ಚಿಕೊಂಡು ಮೂಸಿದಳು. ನಗು ಮಾಯವಾಯಿತು.

"ನೀವು ತಲೆಗೆ ಪೌಡರ್ ಹಾಕಲ್ಲ, ಅಲ್ವಾ? ಇದು ಆ ಸಿದೋನಿ ಕೂದಲಿಗೆ ಹಾಕ್ಕೊಳ್ಳೋ ಪೌಡರ್. ಈ ವಾಸನೆ ಊರಿಗೇ ಗೊತ್ತು."

ಊರಿನ ದೊಡ್ಡ ಮನೆಯೊಡತಿ ಮಾರ್ಕೀಸ್ ಸಿದೋನಿ ಬೆಳಿಗ್ಗೆ ತಲೆಗೆ ಪೌಡರ್ ಹಾಕಿಸಿಕೊಳ್ಳುತ್ತಾ ಈ ಕಾಗದಗಳನ್ನು ಓದಿಸಿ ಕೇಳುತ್ತಿದ್ದಳು. ಓದುತ್ತಿದ್ದವನು ಫ್ಲೋರಿಮೋಂ.

"ಗಂಡನ್ನ ಹೂಳುವಾಗ ಅಳು ಬರ್ಲಿಲ್ಲ ಅಂತ ನಿಮಗೊಬ್ರಿಗೇ ಬರೆದಿದ್ದೆ. ಹೋದ ಗುರುವಾರ ಅವಳ ಮನೆ ಊಟದಲ್ಲಿ ಯಾರೋ ನನಗೆ ಕರ್ಚೀಫು ಕೊಡೋಕ್ ಬಂದು, 'ನಿಮಗಿದು ಬೇಕಾಗಲ್ಲ ಬಿಡಿ' ಅಂದ್ರು. ಎಲ್ಲರೂ ನಕ್ರು. ಅರ್ಥವಾಗ್ದೆ ನಾನೂ ನಕ್ಕೆ."

ಏನಾದರೊಂದು ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಅರ್ಥವಾಗದೆ ಅವಳೂ ನಕ್ಕಿದ್ದಳೆಂಬ ಮಾತು ಅವನನ್ನು ಕೊಂದುಹಾಕಿತು.

"ನಿಮ್ಮನ್ನ ಪ್ರೀತಿಯ ಬಲೆಗೆ ಬೀಳಿಸ್ತೀನಿ ಅಂತ ಅವಳ ಹತ್ರ ಪಂಥ ಕಟ್ಟಿದ್ದೆ," ಎಂದ. "ಆಮೇಲೆ ನಾನೇ ಬಿದ್ದೆ. ಬಿದ್ದ ಮೇಲೂ ಓದ್ದೆ. ನಿಲ್ಲಿಸಿದ್ರೆ ಅವಳು ನನ್ನ ನೋಡಿ ನಗ್ತಾಳೆ ಅಂತ ಭಯ."

"ನೀವು ನಗೆಪಾಟಲಾಗ್ಬಾರ್ದು ಅಂತ ನನ್ನ ಬಲಿ ಕೊಟ್ರಿ."

"ಹೌದು. ಕ್ಷಮೆ ಕೇಳಿ ನಿಮಗೊಂದು ಕಾಗದ ಬರೀತೀನಿ..."

"ಬರೀಬೇಡಿ. ಓದಿದ್ದು ಅವಳ ಮನೇಲಿ ತಾನೇ? ಅಲ್ಲೇ ಹೇಳಿ. ನಾನೂ ಬರ್ತೀನಿ."

ಗುರುವಾರ ಸಿದೋನಿಯ ಮೇಜಿನ ಸುತ್ತ ಅದೇ ಜನ; ಒನೊರೀನ್ ಕೂಡ. ಸೂಪ್ ಬಡಿಸಿದಾಗ ಫ್ಲೋರಿಮೋಂ ಮೇಜಿನ ಒಂದು ತುದಿಯಲ್ಲಿ ಎದ್ದು ನಿಂತ.

"ನೀವೆಲ್ಲ ನಕ್ಕಿದ್ದು ಒಬ್ಬ ಹೆಂಗಸು ನನ್ನ ನಂಬಿ ಬರೆದ ಮಾತಿಗೆ. ಅದನ್ನ ಇಲ್ಲಿ ಮಾರ್ಕೊಂಡಿದ್ದು ನಾನು. ನಗೋದಾದ್ರೆ ನನ್ನ ನೋಡಿ ನಗಿ."

"ಅಯ್ಯೋ, ನಮ್ಮ ಬೇಟೆಗಾರನ್ನ ಜಿಂಕೆನೇ ಹಿಡ್ಕೊಂಡ್ಬಿಟ್ಟಿದೆ," ಎಂದಳು ಸಿದೋನಿ. ಮೇಜೆಲ್ಲ ಘೊಳ್ಳೆಂದಿತು.

ಅವನ ಕಿವಿ ಕೆಂಪಾಯಿತು. ಓಡಿಹೋಗಬೇಕೆನಿಸಿದರೂ ನಗು ಮುಗಿಯುವವರೆಗೆ ತಲೆ ತಗ್ಗಿಸಿ ನಿಂತೇ ಇದ್ದ. ಇಂಥದ್ದೇ ನಗುವಿನ ನಡುವೆ ಒನೊರೀನ್ ಕೂತಿದ್ದಳಲ್ಲ ಎಂದುಕೊಂಡ.

ಒನೊರೀನ್ ಒಬ್ಬಳೇ ನಗಲಿಲ್ಲ. ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಇಟ್ಟಿದ್ದ ಬೀಸಣಿಗೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಬಂದು ಕೂತ್ಕೊಳ್ಳಿ. ಸೂಪ್ ಆರ್ತಿದೆ."

ಅವನು ಬಂದು ಕೂತ. ಅವಳತ್ತ ಕಣ್ಣೆತ್ತಲಾಗಲಿಲ್ಲ.

"ಹೂಂ ಅಂತ ನಾನಿನ್ನೂ ಅಂದಿಲ್ಲ," ಎಂದಳು ಅವನಿಗಷ್ಟೇ ಕೇಳುವಂತೆ.

"ಗೊತ್ತು," ಎಂದು ಅವನು ಚಮಚ ಎತ್ತಿಕೊಂಡ.